ಒಂದು ನೂಲು ಸೊಟ್ಟ ಇದ್ದ ಅಚ್ಚು

ಪಿಟೀಲು ಮಾಡಿದವರ ಪಟ್ಟಿಯಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ನಾವು ಮೂರು ಜನ ಕೂತಿದ್ದೆವು. ಸೇರಬೇಕಾದ ಒಬ್ಬನನ್ನು ಬಿಡಿಸಿದವನು ನಾನು. ಬಿಡಬೇಕಾಗಿದ್ದ ನನ್ನ ಹೆಸರು ಮೊದಲ ಸಾಲಿನಲ್ಲಿತ್ತು. ಆ ನಾಲ್ಕು ತಿಂಗಳ ಕೆಲಸ ಹೇಗೆ ನಡೆಯಿತು, ಹೇಗೆ ಮುಗಿಯಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ತಿರುಚಿ ಬರೆಯುವ ವಿದ್ಯೆ ನನಗಿಲ್ಲ. ತಿರುಚಿ ಮಾತಾಡುವ ವಿದ್ಯೆ ಇತ್ತು. ಇಷ್ಟೆಲ್ಲ ಆದದ್ದು ಅದರಿಂದಲೇ.

ನರಿಕೊಂಬಿನಲ್ಲಿ ಒಬ್ಬರು ಟೀಚರ್ ಮಕ್ಕಳಿಗೆ ಪಿಟೀಲು ಕಲಿಸುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಮನೆಗಳಲ್ಲಿ, ಭಜನಾ ಮಂದಿರಗಳಲ್ಲಿ, ಕ್ರಿಶ್ಚಿಯನ್ನರ ಇಗರ್ಜಿಗಳಲ್ಲಿ ಇರುವ ಹಳೆಯ ಪಿಟೀಲುಗಳನ್ನೆಲ್ಲ ಅಳೆದು, ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದು ಡೇಟಾಬೇಸ್ ಮಾಡಲು ಅವರು ಹೊರಟಿದ್ದರು. ಅದರಲ್ಲಿ ಎರಡು ಭಾಗ. ಒಂದು ವಾದ್ಯಗಳದ್ದು, ಇನ್ನೊಂದು ಅವನ್ನು ಮಾಡಿದವರದ್ದು. ವಾದ್ಯ ಕಣ್ಣೆದುರು ಇರುತ್ತದೆ, ಅಳೆದರೆ ಆಯಿತು. ಮಾಡಿದವರು ಯಾರೆಂದು ಹೇಳುವುದಕ್ಕೆ ತಿಳಿದವರು ಬೇಕು. ಅದಕ್ಕಾಗಿ ಬೆಳ್ತಂಗಡಿ ಕಡೆಯ ಒಂದು ಇಗರ್ಜಿಯಲ್ಲಿ ಬಹಳ ವರ್ಷ ಹಾಡು ಕಲಿಸಿದ ಮೇಸ್ಟ್ರನ್ನು ಕರೆದರು. ಮೂಡುಬಿದಿರೆಯಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ನನ್ನನ್ನೂ ಕರೆದರು.

"ನೀವು ಇಲ್ಲದೆ ಆಗುದಿಲ್ಲ ಸಾರ್," ಎಂದರು ಟೀಚರ್ ಫೋನಿನಲ್ಲಿ. "ಯಾವ ಮನೆಗೆ ಹೋದ್ರೂ ನಿಮ್ಮ ಅಂಗಡಿಯ ಹೆಸರೇ ಹೇಳ್ತಾರೆ."

ನನಗೆ ಖುಷಿಯಾಯಿತು. ಅಂಗಡಿ ಮುಚ್ಚಿ ಆರು ವರ್ಷ ಆಗಿತ್ತು. ಪ್ರತಿ ಬುಧವಾರ ಮಧ್ಯಾಹ್ನ ಊಟ ಮುಗಿಸಿ, ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕೂತು ಬಂಟ್ವಾಳಕ್ಕೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ನರಿಕೊಂಬಿಗೆ ಹೋಗುವುದು ಅಭ್ಯಾಸವಾಯಿತು. ಟೀಚರ ಮನೆಯ ಚಾವಡಿಯಲ್ಲಿ ಉದ್ದದ ಮೇಜು. ಅದರ ಮೇಲೆ ಕಂಬಳಿ ಹಾಸಿ, ಆ ವಾರ ಬಂದ ಪಿಟೀಲುಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ನಮ್ಮ ಕ್ರಮ ಹೀಗೆ: ಮೊದಲು ಉದ್ದ, ಅಗಲ, ದಪ್ಪ. ಮತ್ತೆ ಅಂಚಿನ ಕಪ್ಪು ಗೆರೆ. ಒಳ್ಳೆಯ ಪಿಟೀಲಿನಲ್ಲಿ ಆ ಗೆರೆ ಮರದೊಳಗೆ ಕೂರಿಸಿದ ಸಪೂರ ಪಟ್ಟಿ. ಅಗ್ಗದ್ದರಲ್ಲಿ ಶಾಯಿಯಿಂದ ಎಳೆದದ್ದು. ಉಗುರಿನಿಂದ ಸವರಿದರೆ ತಿಳಿಯುತ್ತದೆ. ಕೊನೆಗೆ ಎದೆಯ ಮೇಲಿನ ಎರಡು ಸೀಳುಗಳಲ್ಲಿ ಒಂದರೊಳಗೆ ಸಣ್ಣ ಬಲ್ಬು ಇಳಿಸಿ, ಇನ್ನೊಂದರಿಂದ ಒಳಗೆ ನೋಡುವುದು. ಲೇಬಲ್ ಇದ್ದರೆ ಅಲ್ಲಿ ಕಾಣುತ್ತದೆ.

ಮೊದಲ ವಾರವೇ ಒಂದು ತಮಾಷೆ ಆಯಿತು. ಟೀಚರ್ ಮನೆಮನೆಗೆ ಕಳಿಸಿದ ಫಾರಮ್ಮಿನಲ್ಲಿ "ಈ ಪಿಟೀಲನ್ನು ಕಟ್ಟಿದವರು ಯಾರು?" ಎಂಬ ಪ್ರಶ್ನೆ ಇತ್ತು. ಪುಸ್ತಕದ ಕನ್ನಡದಲ್ಲಿ ಅದು ಸರಿಯೇ. ಆದರೆ ನಮ್ಮಲ್ಲಿ ಪಿಟೀಲು ಕಟ್ಟುವುದೆಂದರೆ ತಂತಿ ಕಟ್ಟುವುದು. ಹಾಗಾಗಿ ಜರ್ಮನಿಯ ಕಾರ್ಖಾನೆಯಿಂದ ಬಂದ ಪಿಟೀಲುಗಳ ಎದುರೂ ಜನ ನನ್ನ ಹೆಸರು ಬರೆದು ಕಳಿಸಿದ್ದರು.

ಮೇಸ್ಟ್ರು ನಕ್ಕು ಕೆಮ್ಮಿದರು. "ದೇವಾ! ಜರ್ಮನಿಗೆ ಯಾವಾಗ ಹೋಗಿದ್ರಿ ಮಾರಾಯ್ರೆ ನೀವು? ನಮಗೆ ಒಂದು ಮಾತು ಹೇಳ್ಲಿಲ್ಲ!"

"ಇದೆಲ್ಲ ನಾನು ತಂತಿ ಹಾಕಿ ಕೊಟ್ಟದ್ದು ಮಾತ್ರ," ಎಂದೆ ನಾನು. ಒಂದೊಂದೇ ಫಾರಂ ತೆಗೆದು ನನ್ನ ಹೆಸರು ಹೊಡೆದು ಹಾಕಿಸಿದೆ. ಟೀಚರ್ ನನ್ನ ಮುಖ ನೋಡಿದರು. "ಇಷ್ಟು ಪ್ರಾಮಾಣಿಕವಾಗಿ ಹೇಳುವವರು ಸಿಗುದು ಕಷ್ಟ ಸಾರ್," ಎಂದರು.

ಅಂದು ಹೊಡೆಸದೆ ಉಳಿದದ್ದು ಏಳು. ಆ ಏಳು ಪಿಟೀಲುಗಳ ಒಳಗೆ ಅಂಟಿಸಿದ ಕಾಗದದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಹೆಸರಿದೆ, ಕೆಳಗೆ 'ಪಿಟೀಲು ತಯಾರಕರು, ಮೂಡುಬಿದಿರೆ' ಎಂಬ ಅರ್ಥದ ಸಾಲಿದೆ. ಅದು ಸುಳ್ಳು. ಏಳನ್ನೂ ಮಾಡಿದ್ದು ನಾರಾವಿಯ ಒಬ್ಬ ಆಚಾರಿ.

ನಲವತ್ತು ವರ್ಷದ ಹಿಂದೆ ನನ್ನ ಅಂಗಡಿಯ ಬಾಗಿಲಿನ ಚೌಕಟ್ಟು ಸರಿ ಮಾಡಲು ಬಂದವರು ಅವರು. ಗೋಡೆಯಲ್ಲಿ ತೂಗುತ್ತಿದ್ದ ಪಿಟೀಲನ್ನು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ "ಒಂದು ಹಳೆಯದ್ದು ಕೊಡಿ, ಬಿಚ್ಚಿ ನೋಡ್ತೇನೆ" ಎಂದರು. ನಾನು ಒಡೆದ ಒಂದು ಜರ್ಮನ್ ಪಿಟೀಲು ಕೊಟ್ಟೆ. ಎಂಟು ತಿಂಗಳ ಮೇಲೆ ಅದರ ಜೊತೆ ಹೊಸದೊಂದನ್ನು ತಂದಿಟ್ಟರು. ನಾನು ತಂತಿಗಳನ್ನು ಹೊರುವ ಕುದುರೆ ಕೊರೆದು, ಅವನ್ನು ಬಿಗಿಯುವ ಬಿರಡೆ ಕೂರಿಸಿ, ತಂತಿ ಹಾಕಿ ನುಡಿಸಿದಾಗ ಅವರೇ ಹೆದರಿ ಒಂದು ಹೆಜ್ಜೆ ಹಿಂದೆ ಹೋಗಿದ್ದರು.

ಬಾಗಿಲು ಮಾಡುವ ಆಚಾರಿಯ ಪಿಟೀಲನ್ನು ಯಾರು ಕೇಳುತ್ತಾರೆ ಎಂದು ನಾನೇ ಯೋಚಿಸಿದೆ. ನಾನೇ ಪ್ರೆಸ್ಸಿನಲ್ಲಿ ಲೇಬಲ್ ಅಚ್ಚು ಹಾಕಿಸಿದೆ. ಅಂಗಡಿಯ ಹೆಸರೆಂದು ಅವರಿಗೆ ಹೇಳಿದೆ. ಅವರಿಗೆ ಇಂಗ್ಲಿಷ್ ಬಾರದು. ಅಲ್ಲಿಯವರೆಗಿನದನ್ನು ವ್ಯಾಪಾರ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತೋ ಏನೋ. ಒಂದು ದಿನ ದೂರದ ಊರಿನ ವಿದ್ವಾಂಸರೊಬ್ಬರು ಅಂಗಡಿಗೆ ಬಂದು, ಆ ಪಿಟೀಲನ್ನು ಅರ್ಧ ಗಂಟೆ ನುಡಿಸಿ, "ಇದನ್ನು ಮಾಡಿದವರ ಕೈಯನ್ನೊಮ್ಮೆ ನೋಡಬೇಕಲ್ಲ" ಎಂದರು. ನಾನು ನನ್ನ ಎರಡೂ ಕೈಗಳನ್ನು ಮುಂದೆ ಚಾಚಿದೆ. ಅವರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ತಲೆ ಎತ್ತಿದಾಗ ಅಂಗಡಿಯ ಮೆಟ್ಟಿಲಲ್ಲಿ ಆಚಾರಿ ನಿಂತಿದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಏಳನೆಯ ಪಿಟೀಲು. ಅದನ್ನು ಮೇಜಿನ ಮೇಲಿಟ್ಟರು, ಇಳಿದು ಹೋದರು. ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಟೀಚರ ಚಾವಡಿಯಲ್ಲಿ ಕೂತಿದ್ದಾಗ ಇದೆಲ್ಲ ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು.

ಸೇರಿಸಲು ಮೂರು ನಿಯಮ ಮಾಡಿಕೊಂಡೆವು. ಮರದ ತುಂಡಿನಿಂದ ಆರಂಭಿಸಿ ಪೂರ್ತಿ ವಾದ್ಯವನ್ನು ಸ್ವಂತ ಮಾಡಿರಬೇಕು. ಬಿರಡೆ, ತಂತಿ ಹೊರಗಿನದ್ದಾದರೆ ಅಡ್ಡಿ ಇಲ್ಲ. ಮಾಡಿದ್ದರಲ್ಲಿ ಒಂದಾದರೂ ಇಂದಿಗೂ ನೋಡಲು ಸಿಗಬೇಕು. ಅದು ಅವರದ್ದೇ ಎಂಬುದಕ್ಕೆ ಒಂದು ಆಧಾರ ಬೇಕು. ಮೂರನೆಯ ನಿಯಮಕ್ಕೆ ಟೀಚರ್ ಎರಡು ಆಧಾರ ಕೇಳಿದ್ದರು. "ಹಳೆಯವರ ವಿಷಯದಲ್ಲಿ ಎರಡೆರಡು ಎಲ್ಲಿಂದ ಬರ್ಬೇಕು? ಲೇಬಲ್ ಇದ್ರೆ ಸಾಕು" ಎಂದು ನಾನೇ ವಾದ ಮಾಡಿ ಒಂದಕ್ಕೆ ಇಳಿಸಿದೆ.

ಮತ್ತೆ ಒಬ್ಬೊಬ್ಬರನ್ನೇ ತೂಗಿದೆವು. ಇಗರ್ಜಿಯ ಬೆಂಚು ಮಾಡುತ್ತಿದ್ದ ಒಬ್ಬರು ಚಿತ್ರ ನೋಡಿ ಪಿಟೀಲು ಮಾಡಿದ್ದರು, ಚಹಾಪೆಟ್ಟಿಗೆಯ ಪ್ಲೈವುಡ್‌ನಲ್ಲಿ. ಚಿತ್ರದಲ್ಲಿ ಅಳತೆ ಇರಲಿಲ್ಲ, ಹಾಗಾಗಿ ಅದು ಸಣ್ಣ ಮಗುವಿನಷ್ಟು ದೊಡ್ಡದಿತ್ತು.

"ಇದನ್ನು ಹೆಗಲಿಗೆ ಇಡುದಾ, ಸೊಂಟಕ್ಕೆ ಇಡುದಾ?" ಎಂದರು ಟೀಚರ್.

"ನಮ್ಮ ಕ್ರಿಸ್ಮಸ್‌ಗೆ ಹನ್ನೆರಡು ವರ್ಷ ಬಾರಿಸಿದ್ದಾರೆ ಟೀಚರ್," ಎಂದರು ಮೇಸ್ಟ್ರು ಸ್ವಲ್ಪ ಬಿಸಿಯಾಗಿ. "ಮಾಡಿದ ಮನುಷ್ಯ ಮರದಿಂದಲೇ ಆರಂಭ ಮಾಡಿದ್ದು. ಪ್ಲೈವುಡ್ ಎಂತ, ತಗಡಾ?"

ಅವರನ್ನು ಸೇರಿಸಿದೆವು. ಕಾರ್ಖಾನೆಯ ಬಿಡಿಭಾಗ ತರಿಸಿ ಅಂಟಿಸಿ ಮಾರುತ್ತಿದ್ದ ಒಬ್ಬರನ್ನು ಬಿಟ್ಟೆವು. ಅವರ ಲೇಬಲ್ ಬಹಳ ಚಂದ ಇತ್ತು. "ಅಂಟಿಸುದು ಮಾಡುದಲ್ಲ" ಎಂದು ಖಂಡಿತವಾಗಿ ಹೇಳಿದವನು ನಾನು. ಈಗ ಅದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಎರಡನೆಯ ತಿಂಗಳಲ್ಲಿ ಒಂದು ದಿನ ಮೇಸ್ಟ್ರು ಕೇಳಿದರು: "ನಾರಾವಿಯಲ್ಲಿ ಒಬ್ಬರು ಆಚಾರಿ ಪಿಟೀಲು ಮಾಡ್ತಿದ್ರು ಅಂತ ನಮ್ಮ ಕಡೆ ಒಂದು ಮಾತು ಉಂಟು. ನಿಮಗೆ ಗೊತ್ತುಂಟಾ?"

"ಗೊತ್ತುಂಟು," ಎಂದೆ. "ಅವರು ಬಾಗಿಲು, ಕಿಟಕಿಯವರು. ನನ್ನ ಅಂಗಡಿಗೆ ಪೆಟ್ಟಿಗೆ ಮಾಡಿ ಕೊಡ್ತಾ ಇದ್ರು."

ಅಂಗಡಿಯವರ ಮಾತಿನಲ್ಲಿ ಪಿಟೀಲಿನ ಮೈಯೇ ಪೆಟ್ಟಿಗೆ. ತಂತಿ, ಕುದುರೆ ಬಿಟ್ಟು ಉಳಿದದ್ದೆಲ್ಲ ಪೆಟ್ಟಿಗೆ. ಟೀಚರಿಗೂ ಮೇಸ್ಟ್ರಿಗೂ ಪೆಟ್ಟಿಗೆ ಎಂದರೆ ಪಿಟೀಲು ಇಟ್ಟುಕೊಂಡು ಹೋಗುವ ಮರದ ಡಬ್ಬ. 'ಕಟ್ಟಿದವರು' ಎಂಬ ಪ್ರಶ್ನೆಯಿಂದ ಒಂದೇ ಮಾತು ಇಬ್ಬರಿಗೆ ಎರಡಾಗುವುದನ್ನು ನಾನು ನೋಡಿದ್ದೆ. ನನ್ನ ಬಾಯಿಂದ ಬಂದದ್ದು ನಿಜವೇ. ಅವರ ಕಿವಿಗೆ ಸುಳ್ಳಾಗಿ ಬೀಳುತ್ತದೆ ಎಂದು ಗೊತ್ತಿದ್ದೇ ಹೇಳಿದೆ.

"ಓ, ಪೆಟ್ಟಿಗೆಯಾ," ಎಂದು ಟೀಚರ್ ಆ ಹೆಸರಿನ ಮುಂದೆ 'ಬೇಡ' ಎಂದು ಹಾಕಿದರು.

ಸಮಸ್ಯೆ ಶುರುವಾದದ್ದು ಅಳತೆಯಿಂದ. ಟೀಚರ್ ಎಲ್ಲ ಪಿಟೀಲುಗಳ ಅಳತೆಯನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ನನ್ನ ಲೇಬಲ್ಲಿನ ಏಳರಲ್ಲೂ ಒಂದೇ ದೋಷ ಕಂಡಿತು. ಕೆಳಗಿನ ಎಡಬದಿ ಬಲಬದಿಗಿಂತ ಒಂದು ನೂಲು ಜಾಸ್ತಿ. ನೂಲು ಎಂದರೆ ಬಡಗಿಗಳ ಅಳತೆ, ಇಂಚಿನ ಎಂಟನೆಯ ಒಂದು ಪಾಲು. ಕಣ್ಣಿಗೆ ಹೊಡೆದು ಕಾಣುವುದಿಲ್ಲ, ಆದರೆ ಕಾಗದ ಇಟ್ಟು ಗೆರೆ ಎಳೆದು ಮಡಚಿದರೆ ಗೊತ್ತಾಗುತ್ತದೆ.

ಟೀಚರಿಗೆ ಬಹಳ ಸಂತೋಷ. "ಏಳೂ ಒಂದೇ ಅಚ್ಚಿನಿಂದ ಬಂದದ್ದು ಸಾರ್! ಇದಕ್ಕಿಂತ ಒಳ್ಳೆ ಆಧಾರ ಬೇರೆ ಇಲ್ಲ. ಅಚ್ಚಿನದ್ದು ಒಂದು ಫೋಟೋ ಬೇಕಿತ್ತು. ಮನೆಯಲ್ಲಿ ಉಂಟಲ್ಲ?"

"ಗೆದ್ದಲು ತಿಂದು ಹೋಯ್ತು," ಎಂದೆ.

"ಛೆ. ಯಾವಾಗ?"

"ಆಗಿನ ಕಾಲದಲ್ಲೇ."

ಅಂತೂ ಅಚ್ಚಿನ ಮಾತು ಅಲ್ಲಿಗೆ ನಿಂತಿತು ಎಂದುಕೊಂಡೆ. ನಾಲ್ಕನೆಯ ತಿಂಗಳ ಕೊನೆಯ ಬುಧವಾರ ಬಂತು. ಆ ಭಾನುವಾರ ಪಟ್ಟಿಯನ್ನು ಎಲ್ಲರೂ ನೋಡುವ ಹಾಗೆ ಇಂಟರ್ನೆಟ್‌ಗೆ ಬಿಡುವುದೆಂದು ನಿಶ್ಚಯವಾಗಿತ್ತು. ಕೊನೆಯ ಗಳಿಗೆಯಲ್ಲಿ ಮೇಸ್ಟ್ರು ನೆರಿಯ ಎಂಬ ಊರಿನಿಂದ ಒಂದು ಪಿಟೀಲು ತಂದರು. ರಬ್ಬರ್ ತೋಟದ ಒಂದು ಮನೆಯವರು ಭಜನೆಗೆ ಇಟ್ಟುಕೊಂಡದ್ದು. ಒಳಗೆ ಲೇಬಲ್ ಇರಲಿಲ್ಲ. ಟೀಚರ್ ಅಳೆದರು. ಕೆಳಗಿನ ಎಡಬದಿ ಒಂದು ನೂಲು ಜಾಸ್ತಿ.

"ಎಂಟನೆಯದ್ದು ಸಿಕ್ಕಿತು ಸಾರ್ ನಿಮ್ಮದು!"

ನನಗೆ ಆ ಪಿಟೀಲು ಗೊತ್ತೇ ಇರಲಿಲ್ಲ. ಅಂದರೆ ಆಚಾರಿ ನನ್ನ ಅಂಗಡಿಯ ಮೆಟ್ಟಿಲು ಇಳಿದ ಮೇಲೆಯೂ ಒಂದು ಮಾಡಿದ್ದರು.

"ಅಲ್ಲ ಟೀಚರ್," ಎಂದರು ಮೇಸ್ಟ್ರು. "ಆ ಮನೆಯವರು ಹೇಳಿದ್ದು ಬೇರೆ. ಮನೆಯ ಬಾಗಿಲು ಮಾಡಲಿಕ್ಕೆ ಬಂದ ನಾರಾವಿಯ ಆಚಾರಿ ಅಲ್ಲೇ ಉಳಿದು ಮಾಡಿ ಕೊಟ್ಟದ್ದಂತೆ." ಅವರು ನನ್ನ ಕಡೆ ತಿರುಗಿದರು. "ಈಗ ಗೊತ್ತಾಯ್ತಾ? ನಿಮ್ಮ ಅಚ್ಚು ತಿಂದದ್ದು ಎರಡು ಕಾಲಿನ ಗೆದ್ದಲು ಮಾರಾಯ್ರೆ. ಪೆಟ್ಟಿಗೆ ಕೊಡ್ಲಿಕ್ಕೆ ಅಂಗಡಿಗೆ ಬರ್ತಿದ್ದ ಜನ ಅಲ್ವಾ? ಹೋಗುವಾಗ ಚೀಲಕ್ಕೆ ಹಾಕಿಕೊಂಡಿರ್ಬೇಕು."

ಟೀಚರ್ ನನ್ನನ್ನು ನೋಡಿದರು. "ಹೌದಾ ಸಾರ್? ಹಾಗೆ ಇರಬಹುದಾ?"

ನಾನು, "ಇರಬಹುದು" ಎಂದೆ.

ಟೀಚರ್ ಕಂಪ್ಯೂಟರಿನಲ್ಲಿ ಬರೆದರು. ಎಂಟನೆಯ ಪಿಟೀಲಿನ ಎದುರು: 'ಮೂಡುಬಿದಿರೆಯ ತಯಾರಕರ ಅಚ್ಚನ್ನು ಅವರ ಅನುಮತಿ ಇಲ್ಲದೆ ಬಳಸಿ ನಾರಾವಿಯ ಬಡಗಿಯೊಬ್ಬರು ಮಾಡಿದ ನಕಲು.' ಗಟ್ಟಿಯಾಗಿ ಓದಿ ಹೇಳಿದರು. ಸರಿ ಉಂಟಾ ಎಂದು ಕೇಳಿದರು. ನಾನು ತಲೆ ಆಡಿಸಿದೆ.

ಸಿದ್ಧಕಟ್ಟೆ ದಾಟುವವರೆಗೆ ಬಸ್ಸಿನಲ್ಲಿ ನಾನು ಬೇರೆ ಏನನ್ನೋ ಯೋಚಿಸಲು ನೋಡಿದೆ. ಆಗಲಿಲ್ಲ. ಒಬ್ಬನ ಕೆಲಸವನ್ನು ತೆಗೆದುಕೊಂಡೆ. ಅವನ ಹೆಸರು ಪಟ್ಟಿಗೆ ಬಾರದ ಹಾಗೆ ಮಾಡಿದೆ. ಈಗ ಅವನು ಕಳ್ಳನಾಗಿ ಪಟ್ಟಿಗೆ ಬರುತ್ತಾನೆ, ನಾನು ಕಳಕೊಂಡವನಾಗಿ. ಭಾನುವಾರದ ನಂತರ ಅದನ್ನು ಯಾರು ಬೇಕಾದರೂ ಓದಬಹುದು. ಆಚಾರಿಯ ಮಕ್ಕಳೂ ಓದಬಹುದು. ಎಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಇಷ್ಟು ದೂರ ಬಂದು ನಿಂತದ್ದು 'ಇರಬಹುದು' ಎಂಬ ಒಂದು ಮಾತಿನಿಂದ. ಅಂದು ಮನೆಗೆ ತಲುಪುವಾಗ ಒಂದು ನಿಶ್ಚಯ ಮಾಡಿದ್ದೆ. ಟೀಚರಿಗೆ ಫೋನು ಮಾಡುವುದು ಸುಲಭ. ಆದರೆ ಮೊದಲು ಹೋಗಬೇಕಾದ್ದು ನಾರಾವಿಗೆ.

ಮರುದಿನ ಬೆಳಿಗ್ಗೆ ಶಿರ್ತಾಡಿ ದಾರಿಯ ಬಸ್ಸು ಹಿಡಿದೆ. ಆಚಾರಿ ಇದ್ದಾರೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ನಾರಾವಿ ಪೇಟೆಯಲ್ಲಿ ಕೇಳಿದಾಗ ಒಂದು ಹೊಲಿಗೆ ಅಂಗಡಿ ತೋರಿಸಿದರು. ಅಲ್ಲಿ ಹೊಲಿಯುತ್ತಿದ್ದವಳು ಅವರ ಮಗಳು. "ಅಪ್ಪ ಹಿಂದೆ ಇದ್ದಾರೆ" ಎಂದಳು. ಹಿತ್ತಲಿನ ಮಾಡಿನ ಕೆಳಗೆ ಆಚಾರಿ ತೆಂಗಿನಕಾಯಿ ತುರಿಯುವ ಮಣೆಗೆ ಉಳಿ ಹಾಕುತ್ತಾ ಕೂತಿದ್ದರು. ಮೈ ಒಣಗಿತ್ತು, ಕೈ ನಡುಗುತ್ತಿರಲಿಲ್ಲ.

ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ತಲೆ ಎತ್ತಿ ನೋಡಿದರು. ಗುರುತು ಹಿಡಿಯಲು ಸ್ವಲ್ಪವೂ ಹೊತ್ತು ಬೇಕಾಗಲಿಲ್ಲ.

"ಬಲೆ, ಕುಳ್ಳುಲೆ," ಎಂದು ಇನ್ನೊಂದು ಮಣೆ ಸರಿಸಿದರು. ಬನ್ನಿ, ಕೂತುಕೊಳ್ಳಿ ಎಂದು ಯಾರು ಬಂದರೂ ಹೇಳುವ ಮಾತು ಅದು. ಕೂತೆ. ಅವರು ಉಳಿ ಹಾಕುವುದನ್ನು ನಿಲ್ಲಿಸಲಿಲ್ಲ.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು, ಅಂಗಡಿಯ ಆ ದಿನದಿಂದ ಹಿಡಿದು ನಿನ್ನೆಯ 'ಇರಬಹುದು' ತನಕ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ ಎಂದದ್ದನ್ನೂ ಹೇಳಿದೆ. ಹೇಳುತ್ತಾ ಇದ್ದ ಹಾಗೆ ನನ್ನ ಬೆನ್ನು ನೆಟ್ಟಗಾಗುತ್ತಿದೆ ಎಂದು ನನಗೇ ಅನಿಸಿತು. ನಾಚಿಕೆಗೇಡು, ಆದರೆ ಹಾಗೆ ಅನಿಸಿದ್ದು ಹೌದು.

ಆಚಾರಿ ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿದರು. "ಇದನ್ನು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ? ಮೂಡುಬಿದಿರೆಯಿಂದ ಬಸ್ಸು ದಿನಾ ಉಂಟಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಮುಖ ತಿರುಗಿಸಿದಳು, ನಗೆಯೋ ಸಿಟ್ಟೋ ಗೊತ್ತಾಗಲಿಲ್ಲ.

"ತಪ್ಪಾಯ್ತು," ಎಂದೆ.

"ತಪ್ಪು ಆದದ್ದಲ್ಲ, ಮಾಡಿದ್ದು," ಎಂದರು. "ಆ ವಿದ್ವಾಂಸರಿಗೆ ಕೈ ತೋರಿಸಿದ್ದಿಯಲ್ಲ, ಆ ಕೈಗೆ ಮರಕ್ಕೆ ಹಚ್ಚುವ ಗೇರೆಣ್ಣೆಯ ಒಂದು ಕಲೆಯೂ ಇರ್ಲಿಲ್ಲ. ನಾನು ಮೆಟ್ಟಿಲಲ್ಲಿ ನಿಂತು ಅದನ್ನೇ ನೋಡಿದ್ದು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ಗೊತ್ತಾಗುದಿಲ್ವಾ ಅಂತ." ಉಳಿಯನ್ನು ಮತ್ತೆ ಮರಕ್ಕೆ ಇಟ್ಟು ಹೇಳಿದರು: "ಪಿಟೀಲು ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿನಿಂದ ಅಂತ ತಿಳಿಬೇಡ, ಅಷ್ಟು ಮರ್ಯಾದೆ ನಿನಗೆ ಬೇಡ. ನೆರಿಯದಲ್ಲಿ ಒಂದು ಮಾಡಿದೆ. ಮಾಡಿದ ಮೇಲೆ ಅದನ್ನು ಮಾತಾಡಿಸಲಿಕ್ಕೆ ಜನ ಇಲ್ಲ. ನನಗೆ ಶ್ರುತಿ ಬರುದಿಲ್ಲ. ಆ ಮನೆಯವರು ಎರಡು ವರ್ಷ ಸುಮ್ಮನೆ ಗೋಡೆಯಲ್ಲಿ ತೂಗು ಹಾಕಿದ್ರು."

ಆಮೇಲೆ ಅಚ್ಚಿನ ಮಾತು ಬಂತು. ಅದು ಅವರಲ್ಲೇ ಇತ್ತು, ಅಟ್ಟದಲ್ಲಿ. ಮಗಳು ಇಳಿಸಿ ಕೊಟ್ಟಳು. ಪಿಟೀಲಿನ ಆಕಾರಕ್ಕೆ ಕೊರೆದ ದಪ್ಪ ಹಲಗೆ, ಬದಿಪಟ್ಟಿಗಳನ್ನು ಬಿಗಿಯಲು ಸುತ್ತ ತೂತು. ನಾನು ಎಡಬದಿಯ ಒಂದು ನೂಲಿನ ವಿಷಯ ಹೇಳಿದೆ.

"ಅದು ನನ್ನ ಸೊಟ್ಟ ಅಲ್ಲ, ನಿನ್ನದ್ದು," ಎಂದರು. "ನೀನು ಕೊಟ್ಟ ಜರ್ಮನ್ ಪಿಟೀಲು ನೀರು ಕುಡಿದು ಒಂದು ಬದಿಗೆ ಎಳೆದುಕೊಂಡಿತ್ತು. ಸರಿ ಮಾಡಿ ಅಚ್ಚು ತೆಗೆಯುದಾ ಅಂತ ಕೇಳಿದೆ. ಇದ್ದ ಹಾಗೆಯೇ ತೆಗೀರಿ, ಜರ್ಮನಿಯವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತುಂಟಾ ಅಂದಿ. ಹಾಗೆಯೇ ತೆಗೆದೆ."

ಆ ಮಾತು ನಾನು ಹೇಳಿದ್ದೇ. ಅವರು ಹೇಳಿದ ಮೇಲೆ ನೆನಪಾಯಿತು. ಮೂವರೂ ನಕ್ಕೆವು, ನಾನು ಕೊನೆಗೆ.

ಹೊರಡುವಾಗ ಅವರು ಹೇಳಿದ್ದು ಇಷ್ಟು: "ಕ್ಷಮೆ ಗಿಮೆ ಅಂತ ನನ್ನ ಹತ್ತಿರ ಕೇಳ್ಬೇಡ, ನನಗೆ ಅದು ಮಾತಾಡ್ಲಿಕ್ಕೆ ಬರುದಿಲ್ಲ. ಅಚ್ಚು ಕದ್ದ ಅಂತ ಹೇಳಿದವರ ಎದುರು ಹೇಳು. ನಾನೂ ಬರ್ತೇನೆ. ಶನಿವಾರ ಹೋಗುವ."

ಶನಿವಾರ ಅವರು ನಾರಾವಿಯಿಂದ ಮೂಡುಬಿದಿರೆಗೆ ಬಂದರು, ಅಲ್ಲಿಂದ ಇಬ್ಬರೂ ಒಟ್ಟಿಗೆ ಹೊರಟೆವು. ಅಚ್ಚನ್ನು ಹೆಗಲಿನ ಬೈರಾಸಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಎಂತದು ಅಜ್ಜ ಅದು, ಮಣೆಯಾ?" ಎಂದು ಕೇಳಿದ ಕಂಡಕ್ಟರ್.

"ಸಾಕ್ಷಿ," ಎಂದರು ಆಚಾರಿ. ಗಲ್ಲದಿಂದಲೇ ನನ್ನ ಕಡೆ ತೋರಿಸಿದರು. "ಇವನು ಆರೋಪಿ. ಎರಡು ಟಿಕೆಟ್ ಕೊಡು, ಸಾಕ್ಷಿಗೆ ಬೇಡ."

ನರಿಕೊಂಬಿನ ಚಾವಡಿಯಲ್ಲಿ ಟೀಚರೂ ಮೇಸ್ಟ್ರೂ ಕಾಯುತ್ತಿದ್ದರು. ಕೊನೆಯ ತಿದ್ದುಪಡಿ ಉಂಟು ಎಂದಷ್ಟೇ ನಾನು ಫೋನಿನಲ್ಲಿ ಹೇಳಿದ್ದೆ. ಕೂರುವ ಮೊದಲೇ ಹೇಳಿಬಿಟ್ಟೆ. "ಇವರು ನಾರಾವಿಯ ಆಚಾರಿ. ಆ ಎಂಟೂ ಪಿಟೀಲು ಇವರದ್ದು. ಲೇಬಲ್ ಮಾತ್ರ ನನ್ನದು. ಅಚ್ಚು ಇವರದ್ದೇ, ಯಾರೂ ಕದಿಯಲಿಲ್ಲ. ಇವರು ಪೆಟ್ಟಿಗೆ ಮಾಡ್ತಿದ್ರು ಅಂದೆನಲ್ಲ, ಪೆಟ್ಟಿಗೆ ಅಂದ್ರೆ ಪಿಟೀಲಿನ ಮೈ. ನಿಮಗೆ ಬೇರೆ ಅರ್ಥ ಆಗ್ಲಿ ಅಂತಲೇ ಹಾಗೆ ಹೇಳಿದ್ದು."

ಟೀಚರ್ ಎದ್ದರು. ಅಚ್ಚನ್ನು ತೆಗೆದುಕೊಂಡು ಹೋಗಿ ನೆರಿಯದ ಪಿಟೀಲಿನ ಬೆನ್ನಿನ ಮೇಲೆ ಇಟ್ಟರು. ಅಂಚಿನ ಜಾಗ ಸುತ್ತಲೂ ಒಂದೇ ಸಮ ಬಿಟ್ಟು ಕೂತಿತು. ನನ್ನ ಲೇಬಲ್ಲಿನ ಪಿಟೀಲುಗಳಲ್ಲಿ ಮೂರು ಅಲ್ಲೇ ಇದ್ದವು. ಅವಕ್ಕೂ ಕೂತಿತು.

"ನಾಲ್ಕು ತಿಂಗಳು ನನ್ನ ಎದುರು ಕೂತಿದ್ರಿ ಸಾರ್," ಎಂದರು ಕೊನೆಗೆ. ಧ್ವನಿ ದೊಡ್ಡದು ಮಾಡಲಿಲ್ಲ. "ಅಂಟಿಸುದು ಮಾಡುದಲ್ಲ ಅಂತ ಹೇಳಿ ಒಬ್ಬರನ್ನು ತೆಗೆಸಿದ್ರಿ. ನಾನು ನಿಮ್ಮನ್ನು ನಂಬಿ ಎಷ್ಟು ಜನರ ಬಗ್ಗೆ ಬರ್ದಿದ್ದೇನೆ. ಈಗ ಎಲ್ಲವನ್ನೂ ಒಮ್ಮೆ ನೋಡ್ಬೇಕಲ್ಲ."

"ನೋಡ್ಬೇಕು," ಎಂದೆ. ಅದು ಸರಿಯಾದ ಮಾತು. ಪಟ್ಟಿ ಬಿಡುವುದನ್ನು ಅವರು ಒಂದು ತಿಂಗಳು ಮುಂದೆ ಹಾಕಿದರು. ಆ ತಿಂಗಳು ನಾನು ಹೇಳಿದ್ದನ್ನೆಲ್ಲ ಬೇರೆಯವರ ಹತ್ತಿರ ಕೇಳಿ ನೋಡಿದರು. ಬೇರೆ ಯಾವುದೂ ಸುಳ್ಳಾಗಿರಲಿಲ್ಲ. ಆದರೆ ನೋಡಿದ್ದು ಒಳ್ಳೆಯದೇ.

ಮೇಸ್ಟ್ರ ಮುಖ ಆಗಲೇ ಕೆಂಪಾಗಿತ್ತು. ಎದ್ದು ಆಚಾರಿಯ ಎದುರು ನಿಂತರು. "ಎರಡು ಕಾಲಿನ ಗೆದ್ದಲು ಅಂತ ಹೇಳಿದ್ದು ನಾನು. ನನ್ನ ನಾಲಿಗೆಗೆ ಹುಳ ಬೀಳ."

"ಗೆದ್ದಲಿಗೆ ನನ್ನ ಅಚ್ಚು ತಿನ್ಲಿಕ್ಕೆ ಆಗುದಿಲ್ಲ ಮೇಸ್ಟ್ರೆ," ಎಂದರು ಆಚಾರಿ. "ಗೇರೆಣ್ಣೆ ಕುಡಿಸಿದ್ದೇನೆ. ಬೇಕಾದ್ರೆ ಮೂಸಿ ನೋಡಿ."

ಟೀಚರ್ ಕಂಪ್ಯೂಟರಿನ ಎದುರು ಕೂತರು. ಮಾಡಿದವರ ಪಟ್ಟಿಯ ಮೊದಲ ಸಾಲನ್ನು ನನಗೆ ತೋರಿಸಿದರು. "ಅಳಿಸುದಾ?"

"ಅಳಿಸಿ."

ನನ್ನ ಹೆಸರು ಹೋಯಿತು. ಅದರ ಜಾಗದಲ್ಲಿ ಆಚಾರಿಯ ಹೆಸರು ಬಂತು. ಕಳ್ಳತನದ ಸಾಲು ಹೋಯಿತು. ಆಮೇಲೆ 'ಆಧಾರ' ಎಂಬ ಅಂಕಣ. ಟೀಚರ್ 'ಅಚ್ಚು' ಎಂದು ಬರೆದು ನಿಲ್ಲಿಸಿದರು. ಲೇಬಲ್ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು; ಓದಿದವರಿಗೆ ಗೊಂದಲ ಆಗಬಾರದು.

"ಲೇಬಲ್ ತಪ್ಪಾಗಿದೆ ಅಂತ ಬರೆಯುವ," ಎಂದರು ಮೇಸ್ಟ್ರು. ನನಗೆ ನೆರಳು ಮಾಡಲು ನೋಡಿದರು, ಒಳ್ಳೆಯ ಮನುಷ್ಯ. "ಆಗಿನ ಕಾಲದಲ್ಲಿ ಅಂಗಡಿಯವರ ಲೇಬಲ್ ಹಾಕುವ ಕ್ರಮ ಇತ್ತಲ್ಲ. ಹಾಗೆ ಆದದ್ದು."

ಆಚಾರಿ ನನ್ನನ್ನು ನೋಡುತ್ತಿದ್ದರು. ಆದದ್ದು, ಮಾಡಿದ್ದು ಎಂಬ ವ್ಯತ್ಯಾಸವನ್ನು ಅವರು ನನಗೆ ಮೊನ್ನೆ ಹೇಳಿಕೊಟ್ಟಿದ್ದರು.

"ತಪ್ಪು ಅಂತ ಬೇಡ," ಎಂದೆ. "ಸುಳ್ಳು ಅಂತ ಬರೀರಿ. ಲೇಬಲ್ ಸುಳ್ಳು, ಅಂಟಿಸಿದವನ ಸ್ವಂತ ಹೇಳಿಕೆ. ನನ್ನ ಹೆಸರು ಅಲ್ಲಿ ಇರ್ಲಿ."

ಟೀಚರ್ ಹಾಗೆಯೇ ಬರೆದರು. ಇಷ್ಟು ವರ್ಷದಲ್ಲಿ ನನ್ನ ಹೆಸರನ್ನು ಎಷ್ಟೋ ಕಡೆ ಅಚ್ಚಿನಲ್ಲಿ ನೋಡಿದ್ದೇನೆ. ಅಷ್ಟು ಹಗುರಾಗಿ ಯಾವತ್ತೂ ನೋಡಿರಲಿಲ್ಲ.

"ತಂತಿ ಕಟ್ಟಿದ್ದು, ಕುದುರೆ ಕೂರಿಸಿದ್ದು ಇವನೇ," ಎಂದರು ಆಚಾರಿ. "ಏಳಕ್ಕೆ. ಅದನ್ನೂ ಬರೀರಿ ಮತ್ತೆ. ಇಲ್ಲದಿದ್ರೆ ಅದು ಒಂದು ಸುಳ್ಳು ಆಗ್ತದೆ."

ಲೇಬಲ್ಲುಗಳನ್ನು ಕಿತ್ತು ತೆಗೆಯುವುದೇ ಎಂದು ನಾನು ಕೇಳಿದೆ. ಬೇಡ, ಅದೂ ದಾಖಲೆಯೇ, ಇದ್ದ ಹಾಗೆ ಇರಬೇಕು ಎಂದರು ಟೀಚರ್. ಆ ಮೇಲೆ ಅವರಿಗೆ ಆಚಾರಿಯನ್ನು ಬಿಡಲು ಮನಸ್ಸಿರಲಿಲ್ಲ. ಯಾವ ಮರ, ಎಲ್ಲಿಯದ್ದು, ಎಷ್ಟು ತಿಂಗಳು ಒಣಗಿಸಿದ್ದು, ಅಂಚಿನ ಕಪ್ಪು ಪಟ್ಟಿಗೆ ಬೈನೆ ಮರದ ಯಾವ ಭಾಗ ಎಂದು ಒಂದೊಂದು ಪಿಟೀಲನ್ನೂ ಎತ್ತಿ ಕೇಳತೊಡಗಿದರು. ನಾನು ನಾಲ್ಕು ತಿಂಗಳಲ್ಲಿ 'ನೆನಪಿಲ್ಲ' ಎಂದು ಬಿಟ್ಟಿದ್ದ ಎಲ್ಲ ಜಾಗಗಳೂ ತುಂಬಿದವು. ಹಿಂದಿನ ಹಲಗೆಗೆ 'ಹಲಸು' ಎಂದು ನಾನು ಹೇಳಿ ಬರೆಸಿದ್ದನ್ನು ಕೇಳಿ ಆಚಾರಿ, "ಹಲಸು ಅಲ್ಲ, ಹೆಬ್ಬಲಸು. ಯಾರು ಹೇಳಿದ್ದು ಹಲಸು ಅಂತ?" ಎಂದರು. ಟೀಚರ್ 'ಹಲಸು' ಅಳಿಸಿ ತಿದ್ದಿದರು.

ನನಗೆ ಕೊಟ್ಟ ಕೆಲಸ ಬಲ್ಬು ಹಿಡಿಯುವುದು. ನಾಲ್ಕನೆಯ ಪಿಟೀಲಿನ ಹೊತ್ತಿಗೆ ಸಂಜೆಯಾಗಿತ್ತು. ಆಚಾರಿ ಒಂದು ಕಣ್ಣು ಮುಚ್ಚಿ ಸೀಳಿನೊಳಗೆ ಇಣುಕಿದರು. ತಾನು ಒಳಗೆ ಅಂಟಿಸಿದ ಪಟ್ಟಿಯ ಮರದ ಎಳೆ ಯಾವ ಕಡೆ ಹೋಗಿದೆ ಎಂದು ಟೀಚರಿಗೆ ತೋರಿಸಬೇಕಿತ್ತು ಅವರಿಗೆ.

"ಸರಿ ಹಿಡಿ ಮಾರಾಯ," ಎಂದರು. "ನಿನ್ನ ಹೆಸರೇ ಕಾಣ್ತಾ ಉಂಟು. ನನ್ನ ಮರ ಕಾಣುದಿಲ್ಲ."

ನಾನು ಬಲ್ಬನ್ನು ಸ್ವಲ್ಪ ಆಚೆ ಸರಿಸಿದೆ.

"ಹಾಂ," ಎಂದರು. "ಈಗ ಕಂಡಿತು."